ಮೆಣಸಿನಕಾಯಿ ಕಟ್ಟಿಕೊಟ್ಟ ಕಾಗದ

(ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಬಡಾವಣೆಯ ನಿವಾಸಿಗಳು ಮತ್ತು ಸುತ್ತಲಿನ ಪೇಯಿಂಗ್ ಗೆಸ್ಟ್ ವಸತಿಗಳ, ಅಂದರೆ ಪಿ.ಜಿ.ಗಳ, ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯ ಭಾಗವನ್ನು ಆಮೇಲೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ನಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಮಗಳು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ. ಹಾಗಾಗಿ ಬಾಡಿಗೆ ಮನೆಗಾಗಿ ಆಧಾರ್, ಪ್ಯಾನ್ ಮುಂತಾದ ಕಾಗದಪತ್ರ ಕೇಳುವವರ ಅಳುಕೂ ಕೊಡುವವರ ಸಂಕಟವೂ ನನಗೆ ಗೊತ್ತು. ಇವತ್ತು ಈ ವಿಷಯವನ್ನೇ ಮಾತನಾಡುತ್ತೇನೆ ಎಂದು ಹಟ ಹಿಡಿದು ಕೇಳಿಕೊಂಡವಳು ನಾನೇ. ಅದಕ್ಕೆ ಕಾರಣವಾದ ಒಂದು ಕಾಗದವಿದೆ. ಮೊದಲು ಅದರ ಕಥೆ ಹೇಳುತ್ತೇನೆ.

ಕಳೆದ ಮಳೆಗಾಲದ ಒಂದು ಸಂಜೆ ಮನೆಗೆ ನೆಂಟರು ಬಂದಿದ್ದರು. ನಮ್ಮೂರಿಗೆ ಬಂದವರಿಗೆ ಮಂಡಕ್ಕಿ, ಮೆಣಸಿನಕಾಯಿ ಕೊಡದೆ ಕಳಿಸುವುದುಂಟೇ? ಹೋಗಿ ಕಟ್ಟಿಸಿಕೊಂಡು ಬಂದೆ. ತಟ್ಟೆಗೆ ಸುರಿದು ಕಾಗದ ಮಡಚುವಾಗ ಎಣ್ಣೆ ಹೀರಿದ ಜಾಗದಲ್ಲಿ ಒಂದು ಮುಖ ಕಂಡಿತು. ಎರಡು ಜಡೆ ಹಾಕಿಕೊಂಡ ಹುಡುಗಿ. ಕಾಗದ ಬಿಡಿಸಿ ನೋಡಿದರೆ ಆಧಾರ್ ಕಾರ್ಡಿನ ನಕಲು. ಹನ್ನೆರಡು ಅಂಕಿಗಳೂ ಸ್ಪಷ್ಟ. ಹುಟ್ಟಿದ ದಿನಾಂಕ, ತಂದೆಯ ಹೆಸರು, ಊರು, ಅಂಚೆ, ಪಿನ್ ಕೋಡ್ ಎಲ್ಲವೂ ಇದ್ದವು. ಹಿಂಬದಿಯಲ್ಲಿ ಒಂದು ಪಿ.ಜಿ.ಯ ಪ್ರವೇಶ ಅರ್ಜಿ: ಕಾಲೇಜು, ರಕ್ತದ ಗುಂಪು, ತಂದೆಯ ಮೊಬೈಲ್, ತಾಯಿಯ ಮೊಬೈಲ್, ‘ಯಾವುದಾದರೂ ಕಾಯಿಲೆ ಇದೆಯೇ’ ಎಂಬ ಪ್ರಶ್ನೆ. ಅದರ ಮುಂದೆ ಆ ಹುಡುಗಿ ದುಂಡು ಅಕ್ಷರದಲ್ಲಿ ಪ್ರಾಮಾಣಿಕವಾಗಿ ಉತ್ತರ ಬರೆದಿದ್ದಳು. ಏನು ಬರೆದಿದ್ದಳು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ. ಅದನ್ನು ಓದುವ ಹಕ್ಕು ನನಗೂ ಇರಲಿಲ್ಲ.

ತಂದೆಯ ನಂಬರಿಗೆ ಫೋನ್ ಮಾಡಿದೆ. ಹೊಸದುರ್ಗ ತಾಲ್ಲೂಕಿನ ಕಡೆಯವರು. ‘ನಿಮ್ಮ ಮಗಳ ವಿಷಯ’ ಎಂದು ನಾನು ಬಾಯಿ ತೆರೆಯುವಷ್ಟರಲ್ಲೇ ಅವರ ಧ್ವನಿ ಬದಲಾಯಿತು. ‘ಏನಾಯಿತು ತಾಯಿ ನಮ್ಮ ಹುಡುಗಿಗೆ?’ ಎಂದರು. ಏನೂ ಆಗಿಲ್ಲ ಎಂದು ನಂಬಿಸಲು ಐದು ನಿಮಿಷ ಬೇಕಾಯಿತು. ಆ ಹುಡುಗಿ ಓದು ಮುಗಿಸಿ, ಆ ಪಿ.ಜಿ. ಬಿಟ್ಟು ಎರಡು ವರ್ಷವಾಗಿತ್ತು. ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾಳಂತೆ. ಅವಳು ಊರು ಬಿಟ್ಟರೂ ಅವಳ ಕಾಗದ ಊರಿನಲ್ಲೇ ಉಳಿದು, ರದ್ದಿ ಅಂಗಡಿಗೆ ಹೋಗಿ, ಅಲ್ಲಿಂದ ಗಾಡಿಯವರ ಕೈಗೆ ಬಂದಿತ್ತು. ಗಾಡಿಯವರದು ಏನೂ ತಪ್ಪಿಲ್ಲ. ಅವರು ಕೆ.ಜಿ. ಲೆಕ್ಕದಲ್ಲಿ ಕೊಂಡದ್ದು.

ಬ್ಯಾಂಕಿಗೆ ಸೇರಿದ ದಿನ ನನ್ನಿಂದ ಒಂದು ಪತ್ರಕ್ಕೆ ಸಹಿ ಮಾಡಿಸಿಕೊಂಡಿದ್ದರು. ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆ. ಗ್ರಾಹಕರ ಲೆಕ್ಕವನ್ನು ಹೊರಗೆ ಆಡುವುದಿಲ್ಲ ಎಂಬ ಮಾತು ಅದರಲ್ಲಿತ್ತು. ಇಪ್ಪತ್ತೆರಡರ ಹುಡುಗಿಯಾಗಿದ್ದ ನನಗೆ ಅದು ದೇವರ ಮುಂದೆ ಕೈ ಇಟ್ಟಷ್ಟು ಭಾರವೆನಿಸಿತ್ತು. ಮನೆಯಲ್ಲಿ ಗಂಡನ ಹತ್ತಿರವೂ ಯಾರ ಖಾತೆಯ ಮಾತನ್ನೂ ಆಡಿದವಳಲ್ಲ. ಈಗ ಯೋಚಿಸಿ: ನಿಮ್ಮ ಅಪಾರ್ಟ್‌ಮೆಂಟಿನ ಮ್ಯಾನೇಜರ್, ಪಿ.ಜಿ. ನೋಡಿಕೊಳ್ಳುವವರು, ಮನೆ ತೋರಿಸುವ ಬ್ರೋಕರ್ ಇವರೆಲ್ಲ ಯಾವ ಪತ್ರಕ್ಕೆ ಸಹಿ ಮಾಡಿದ್ದಾರೆ? ಹೆಚ್ಚಿನವರು ಒಳ್ಳೆಯವರೇ. ಆದರೆ ಇವತ್ತು ಇಲ್ಲಿರುವ ಮ್ಯಾನೇಜರ್ ಆರು ತಿಂಗಳ ನಂತರ ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಅವರ ಮೊಬೈಲ್ ಅವರ ಜೊತೆಯಲ್ಲೇ ಹೋಗುತ್ತದೆ. ನೀವು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಆಧಾರ್, ಪ್ಯಾನ್, ಪಾಸ್‌ಬುಕ್ ಚಿತ್ರಗಳೆಲ್ಲ ಆ ಮೊಬೈಲಿನ ಗ್ಯಾಲರಿಯಲ್ಲಿ, ಅವರ ಮಗುವಿನ ನಾಮಕರಣದ ಚಿತ್ರಗಳ ಪಕ್ಕದಲ್ಲಿ ಇರುತ್ತವೆ. ಪರದೆ ಒಡೆದರೆ ಮೊಬೈಲ್ ರಿಪೇರಿ ಅಂಗಡಿಗೆ ಹೋಗುತ್ತದೆ. ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಮೊಬೈಲಿನ ಹಿಂದೆ ಅಂಟಿಸಿ ಕೊಡುವುದನ್ನು ನೀವೂ ನೋಡಿರುತ್ತೀರಿ.

ಹಾಗೆಂದು ಮನೆ ಕೊಡುವವರು ಏನೂ ಕೇಳಬಾರದೇ? ಕೇಳಬೇಕು. ಗುರುತು ಪರಿಚಯವಿಲ್ಲದವರಿಗೆ ನನ್ನ ಮಹಡಿಯ ಬೀಗದ ಕೈ ಕೊಡುವಾಗ ನನಗೂ ಎದೆ ಡವಗುಟ್ಟುತ್ತದೆ. ಬಂದವರು ಯಾರು, ಎಲ್ಲಿಯವರು, ಏನು ಕೆಲಸ, ತಿಂಗಳ ಬಾಡಿಗೆ ಕೊಡಲು ಶಕ್ತರೇ, ಹೆಚ್ಚುಕಡಿಮೆಯಾದರೆ ಯಾರಿಗೆ ಫೋನ್ ಮಾಡಬೇಕು? ಇಷ್ಟು ತಿಳಿದುಕೊಳ್ಳುವುದು ನ್ಯಾಯ. ಕೆಲವು ಕಡೆ ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ಕೊಡಬೇಕಾಗುತ್ತದೆ, ಅದೂ ಸರಿ. ನನ್ನ ತಕರಾರು ಇರುವುದು ಇದರಾಚೆಗೆ ಕೇಳುವುದರ ಬಗ್ಗೆ. ‘ಎಲ್ಲರೂ ಕೊಡುತ್ತಾರೆ, ನೀವೂ ಕೊಡಿ’ ಎಂಬ ಒಂದೇ ಮಾತಿನ ಮೇಲೆ ಕೇಳುವುದರ ಬಗ್ಗೆ.

ಒಂದೊಂದಾಗಿ ನೋಡೋಣ. ಮೊದಲು ಆಧಾರ್. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪು, ಖಾಸಗಿಯವರು ಬರೀ ಒಪ್ಪಂದದ ಬಲದ ಮೇಲೆ ಆಧಾರ್ ದೃಢೀಕರಣಕ್ಕೆ ಒತ್ತಾಯಿಸಲು ದಾರಿಯಾಗಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗವನ್ನು ಕಿತ್ತುಹಾಕಿತು. 2019ರ ತಿದ್ದುಪಡಿ ಇನ್ನೊಂದು ಮಾತು ಸೇರಿಸಿತು: ಆಫ್‌ಲೈನ್ ಪರಿಶೀಲನೆ (ಆಧಾರ್ ಪ್ರಾಧಿಕಾರದ ದಾಖಲೆಯ ಜೊತೆ ತಾಳೆ ಹಾಕದೆ ಗುರುತು ನೋಡಿಕೊಳ್ಳುವುದು) ಮಾಡುವವರು ಬೇರೆ ಯಾವ ಗುರುತಿನ ದಾಖಲೆ ನಡೆಯುತ್ತದೆ ಎಂಬುದನ್ನೂ ತಿಳಿಸಬೇಕು, ಆಧಾರ್ ಸಂಖ್ಯೆಯನ್ನು ಸಂಗ್ರಹಿಸಿ ಇಟ್ಟುಕೊಳ್ಳುವಂತಿಲ್ಲ. ಕನ್ನಡದ ಮನುಷ್ಯರೊಬ್ಬರು ಇಳಿವಯಸ್ಸಿನಲ್ಲಿ ಇಷ್ಟು ಮಾಡಿಕೊಟ್ಟಿರುವಾಗ, ‘ನಕಲು ಯಾಕೆ ಸರ್?’ ಎಂದು ಒಂದು ಮಾತು ಕೇಳಲು ನಾವು ಯಾಕೆ ಹಿಂಜರಿಯಬೇಕು?

2022ರ ಮೇ ತಿಂಗಳಿನಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಸಿಕ್ಕಸಿಕ್ಕವರಿಗೆ ನಕಲು ಕೊಡಬೇಡಿ ಎಂದು ಎಚ್ಚರಿಕೆ ಹೊರಡಿಸಿತ್ತು. ತಪ್ಪು ಅರ್ಥ ಬರಬಹುದು ಎಂದು ಎರಡೇ ದಿನದಲ್ಲಿ ಅದನ್ನು ಹಿಂಪಡೆದರು. ಆದರೆ ಅದರಲ್ಲಿ ಹೇಳಿದ್ದ ಉಪಾಯ ಇವತ್ತಿಗೂ ಲಭ್ಯವಿದೆ. ಅದು ಮಾಸ್ಕ್ಡ್ ಆಧಾರ್. ಪ್ರಾಧಿಕಾರದ ಜಾಲತಾಣದಲ್ಲಿ ಇಳಿಸಿಕೊಳ್ಳುವಾಗ ಒಂದು ಚೌಕದಲ್ಲಿ ಗುರುತು ಹಾಕಿದರೆ ಮೊದಲ ಎಂಟು ಅಂಕಿಗಳು ಮುಚ್ಚಿಹೋಗಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ. ಹೆಸರು, ಚಿತ್ರ, ವಿಳಾಸ ಎಲ್ಲ ಇರುತ್ತದೆ. ಬಾಡಿಗೆ ಕೊಡುವವರಿಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕಾರ್ಡು ಅಸಲಿಯೋ ನಕಲಿಯೋ ನೋಡಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಜೆರಾಕ್ಸ್ ಇಟ್ಟುಕೊಳ್ಳುವುದಕ್ಕಿಂತ ಅದೇ ಭದ್ರ. ಜೆರಾಕ್ಸನ್ನು ಯಾರು ಬೇಕಾದರೂ ತಿದ್ದಬಹುದು.

ನಕಲು ಕೊಡಲೇಬೇಕಾಗಿ ಬಂದರೆ ಅದರ ಮೇಲೆ ಬರೆಯಿರಿ. ಅಂಚಿನಲ್ಲಿ ಬರೆದರೆ ಕತ್ತರಿಸಿ ತೆಗೆಯುತ್ತಾರೆ. ಅಡ್ಡಲಾಗಿ, ಚಿತ್ರದ ಒಂದು ಬದಿಯನ್ನೂ ವಿಳಾಸದ ಸಾಲನ್ನೂ ಹಾದುಹೋಗುವ ಹಾಗೆ, ಆದರೆ ಓದಲು ಬರುವ ಹಾಗೆ: ‘ಇಂಥ ಮನೆಯ ಬಾಡಿಗೆ ಕರಾರಿಗಾಗಿ ಮಾತ್ರ. ಇಂಥವರಿಗೆ ಕೊಟ್ಟಿದ್ದು.’ ಕೆಳಗೆ ದಿನಾಂಕ, ಸಹಿ. ಬ್ಯಾಂಕಿನಲ್ಲಿ ಇಂಥ ನಕಲು ಕೈಗೆ ಬಂದರೆ ನಾವು ತಕ್ಷಣ ನಿಲ್ಲಿಸುತ್ತಿದ್ದೆವು. ಬಾಡಿಗೆಗೆ ಕೊಟ್ಟ ಕಾಗದ ಸಾಲದ ಅರ್ಜಿಯ ಜೊತೆ ಯಾಕೆ ಬಂತು ಎಂದು ಕೇಳುತ್ತಿದ್ದೆವು. ಐದು ರೂಪಾಯಿಯ ಪೆನ್ನಿನಿಂದ ಆಗುವ ಕಾವಲು ಅದು. ಹೋದ ವರ್ಷ ನನ್ನ ಮಗಳಿಗೆ ಹೀಗೆ ಬರೆಯಲು ಹೇಳಿದಾಗ, ಅಲ್ಲಿನ ಮ್ಯಾನೇಜರ್ ‘ನನ್ನ ಮೇಲೆ ನಂಬಿಕೆ ಇಲ್ಲವೇ ಮೇಡಂ?’ ಎಂದರಂತೆ. ‘ನಿಮ್ಮ ಮೇಲೆ ಇದೆ ಸರ್, ಕಾಗದದ ಮೇಲೆ ಇಲ್ಲ. ನಿಮ್ಮ ನಂತರ ಅದು ಎಲ್ಲಿ ಹೋಗುತ್ತದೋ ನಿಮಗೂ ಗೊತ್ತಿಲ್ಲ’ ಎಂದು ಇವಳು ಹೇಳಿದಳು. ಅವರು ಒಪ್ಪಿಕೊಂಡರು. ಜಗಳವಿಲ್ಲದೆ ಹೇಳಿದರೆ ಬಹಳ ಜನ ಒಪ್ಪುತ್ತಾರೆ.

ಪ್ಯಾನ್ ಕಾರ್ಡಿನ ವಿಷಯದಲ್ಲಂತೂ ನಮ್ಮ ಜನ ತಿರುಗುಮುರುಗು ಮಾಡಿಕೊಂಡಿದ್ದಾರೆ. ಸಂಬಳದಾರರು ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಕೇಳುವಾಗ, ವರ್ಷದ ಬಾಡಿಗೆ ಒಂದು ಲಕ್ಷ ರೂಪಾಯಿ ದಾಟಿದರೆ, ಮಾಲೀಕರ ಪ್ಯಾನ್ ಸಂಖ್ಯೆಯನ್ನು ಕೊಡಬೇಕು. ಅಂದರೆ ಕೇಳಬೇಕಾದವರು ಬಾಡಿಗೆದಾರರು, ಕೊಡಬೇಕಾದವರು ಮಾಲೀಕರು! ಹದಿನೆಂಟರ ವಿದ್ಯಾರ್ಥಿಯ ಪ್ಯಾನ್ ಪಿ.ಜಿ. ಮ್ಯಾನೇಜರಿಗೆ ಯಾತಕ್ಕೆ? ಪ್ಯಾನ್, ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆ ಈ ಮೂರು ಒಂದೇ ಕಡೆ ಸಿಕ್ಕರೆ ನಿಮ್ಮ ಹೆಸರಿನಲ್ಲಿ ಮೊಬೈಲ್ ಸಾಲಕ್ಕೆ ಅರ್ಜಿ ಹಾಕುವ ಖದೀಮರಿದ್ದಾರೆ. ಸಾಲ ನಿಮ್ಮದಲ್ಲ ಎಂದು ಸಾಬೀತುಪಡಿಸುವ ಅಲೆದಾಟ ಮಾತ್ರ ನಿಮ್ಮದು. ಕೌಂಟರಿನ ಮುಂದೆ ನಿಂತು ಅತ್ತವರನ್ನು ನಾನು ಕಂಡಿದ್ದೇನೆ. ಯಾರ ಸಾಲ ಎಷ್ಟಿದೆ ಎಂದು ದಾಖಲಿಸಿಡುವ ಸಿಬಿಲ್ ಮತ್ತು ಇನ್ನೂ ಮೂರು ಸಂಸ್ಥೆಗಳು ವರ್ಷಕ್ಕೊಂದು ಸಾಲದ ವರದಿಯನ್ನು ಉಚಿತವಾಗಿ ಕೊಡಬೇಕು. ಯುಗಾದಿಗೆ ಪಂಚಾಂಗ ನೋಡುವ ಹಾಗೆ ವರ್ಷಕ್ಕೊಮ್ಮೆ ಅದನ್ನೂ ತೆಗೆದು ನೋಡಿ.

ಇನ್ನು ಬ್ಯಾಂಕ್ ಸ್ಟೇಟ್‌ಮೆಂಟ್. ಇದರ ಬಗ್ಗೆ ನನಗೆ ಸಿಟ್ಟೇ ಬರುತ್ತದೆ. ಆರು ತಿಂಗಳ ಸ್ಟೇಟ್‌ಮೆಂಟ್ ಕೇಳುವವರಿಗೆ ಅದು ಏನು ಎಂಬ ಅರಿವೇ ಇಲ್ಲ. ಕೊಡುವವರಿಗೂ ಇಲ್ಲ. ನಾನು ಅದನ್ನು ಮೂವತ್ತೆರಡು ವರ್ಷ ಓದಿದವಳು. ಐದನೇ ತಾರೀಕಿಗೆ ಸಂಬಳ. ಆರಕ್ಕೆ ಊರಿನಲ್ಲಿರುವ ತಾಯಿಗೆ ಮೂರು ಸಾವಿರ. ಏಳಕ್ಕೆ ಒಡವೆ ಸಾಲದ ಕಂತು. ಮನೆಯ ಚಿನ್ನ ಅಡವಿಗೆ ಹೋಗಿದೆ ಎಂದು ಗೊತ್ತಾಯಿತು. ಹತ್ತರಿಂದ ಪ್ರತಿ ವಾರ ಒಂದೇ ಔಷಧಿ ಅಂಗಡಿಗೆ ಹಣ, ನಡುವೆ ಒಮ್ಮೆ ಮಕ್ಕಳಾಗುವ ಚಿಕಿತ್ಸೆಯ ಆಸ್ಪತ್ರೆಯ ಹೆಸರು. ಇಪ್ಪತ್ತರ ನಂತರ ಖಾತೆಯಲ್ಲಿ ಇನ್ನೂರು, ಮುನ್ನೂರು. ಗೆಳತಿಯಿಂದ ಐನೂರು ಕೈಗಡ. ಗುಡಿಗೆ ಐವತ್ತೊಂದು. ಇದು ಲೆಕ್ಕದ ಕಾಗದವೇ? ಒಂದು ಸಂಸಾರದ ಒಳಕೋಣೆ ಇದು. ಇದನ್ನು ಮ್ಯಾನೇಜರ್ ಟೇಬಲ್ಲಿನ ಮೇಲೆ ಹರಡಿಟ್ಟು, ಮುಂದಿನ ಬಾರಿ ಬಾಡಿಗೆ ಎರಡು ದಿನ ತಡವಾದಾಗ ‘ಅದಕ್ಕೆಲ್ಲ ಖರ್ಚು ಮಾಡುತ್ತೀರಲ್ಲ’ ಎಂದು ಕೇಳಿದ ಪ್ರಸಂಗವನ್ನು ನಮ್ಮ ಬಡಾವಣೆಯ ಹೆಣ್ಣುಮಗಳೊಬ್ಬಳು ನನ್ನ ಮುಂದೆ ಹೇಳಿಕೊಂಡಿದ್ದಾಳೆ. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹಣಕಾಸಿನ ವಿವರ, ಆರೋಗ್ಯದ ಸ್ಥಿತಿ, ವೈದ್ಯಕೀಯ ದಾಖಲೆ, ಬೆರಳಚ್ಚು ಇವನ್ನೆಲ್ಲ ‘ಸೂಕ್ಷ್ಮ ವೈಯಕ್ತಿಕ ಮಾಹಿತಿ’ ಎಂದು ಪ್ರತ್ಯೇಕ ಮಾಡಿ ಹೇಳಿರುವುದು ಸುಮ್ಮನೆ ಅಲ್ಲ.

ಸಂಬಳದ ಶಕ್ತಿ ತಿಳಿಯಬೇಕಾದರೆ ಕಚೇರಿಯ ಒಂದು ಪತ್ರ ಸಾಕು. ಇಲ್ಲವೇ ಸಂಬಳದ ಚೀಟಿಯಲ್ಲಿ ಕಡಿತಗಳ ಭಾಗವನ್ನು ಮುಚ್ಚಿ ನಕಲು ಮಾಡಿಸಿ ಕೊಡಿ. ಅದಕ್ಕಿಂತ ಮಿಗಿಲಾದ ಭದ್ರತೆ ಮುಂಗಡ ಹಣವೇ ಅಲ್ಲವೇ? ಅದನ್ನು ಎಣಿಸಿ ತೆಗೆದುಕೊಂಡ ಮೇಲೂ ಖಾತೆಯೊಳಗೆ ಇಣುಕುವ ಅಗತ್ಯ ಏನು?

ಕಾಗದ ಕೇಳದೆ ಬಾಯಿಂದಲೇ ಕೇಳುವ ಪ್ರಶ್ನೆಗಳೂ ಇವೆ. ‘ನಿಮ್ಮದು ಯಾವ ಜನ?’ ಈ ಊರಿನಲ್ಲಿ ಮನೆ ಹುಡುಕಿದ ಯಾರಿಗೆ ಈ ಪ್ರಶ್ನೆ ಎದುರಾಗಿಲ್ಲ ಹೇಳಿ? ಕೆಲವರು ಸುತ್ತಿ ಬಳಸಿ ಕೇಳುತ್ತಾರೆ: ಅಡಿಗೆ ಏನು ಮಾಡುತ್ತೀರಿ, ಮನೆದೇವರು ಯಾವುದು, ಅಜ್ಜನ ಹೆಸರೇನು. ಆಧಾರ್ ಕಾಯ್ದೆ ಏನು ಹೇಳುತ್ತದೆ ಗೊತ್ತೇ? ಆಧಾರ್‌ಗಾಗಿ ಸಂಗ್ರಹಿಸುವ ವಿವರಗಳಲ್ಲಿ ಜಾತಿ, ಧರ್ಮ, ಬುಡಕಟ್ಟು, ಭಾಷೆ, ಆದಾಯ, ಕಾಯಿಲೆಯ ಇತಿಹಾಸ ಇವು ಸೇರತಕ್ಕದ್ದಲ್ಲ ಎಂದು 2016ರಲ್ಲೇ ಬರೆದಿದ್ದಾರೆ. ಇಡೀ ದೇಶದ ಜನರನ್ನು ಗುರುತಿಸುವ ಕೆಲಸಕ್ಕೆ ಬೇಡವಾದ ಜಾತಿ, ಎರಡು ಕೋಣೆ ಒಂದು ಅಡಿಗೆಮನೆ ಬಾಡಿಗೆಗೆ ಕೊಡುವ ಕೆಲಸಕ್ಕೆ ಯಾಕೆ ಬೇಕು? ಇದಕ್ಕೆ ಉತ್ತರ ಕೊಡದಿರುವುದು ಒರಟುತನ ಎಂದು ಯಾರೂ ಭಾವಿಸಬೇಕಾಗಿಲ್ಲ. ‘ಬಾಡಿಗೆ ತಿಂಗಳ ಮೊದಲ ವಾರ ತಪ್ಪದೆ ಕೊಡುತ್ತೇನೆ, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಬೇಕಾದುದನ್ನು ಕೇಳಿ’ ಎಂದು ನಮ್ಮ ಮಹಡಿಗೆ ಬಂದ ಶಿಕ್ಷಕಿಯೊಬ್ಬರು ನನಗೇ ಹೇಳಿದರು. ನಾನು ಜಾತಿ ಕೇಳಿರಲಿಲ್ಲ. ಆದರೆ ಒಬ್ಬರೇ ಇರುತ್ತೀರಾ, ಯಜಮಾನರು ಎಲ್ಲಿ ಎಂದು ಕೇಳಿಬಿಟ್ಟಿದ್ದೆ. ಆ ದಿನ ನನಗೆ ನಾಚಿಕೆಯಾಯಿತು. ಅವರು ಹಿಂದೆ ನೋಡಿದ ಮನೆಯವರು ವಿಚ್ಛೇದನದ ಆದೇಶದ ನಕಲು ತನ್ನಿ ಎಂದಿದ್ದರಂತೆ. ನ್ಯಾಯಾಲಯದ ಆ ಹಾಳೆಗಳಲ್ಲಿ ಏನೇನು ಬರೆದಿರುತ್ತದೆ ಎಂದು ಕೇಳಿದವರು ಒಂದು ಕ್ಷಣ ಯೋಚಿಸಿದ್ದರೆ ನಾಲಿಗೆ ಏಳುತ್ತಿರಲಿಲ್ಲ.

ಹೆಬ್ಬೆಟ್ಟಿನ ವಿಷಯ ಚುಟುಕಾಗಿ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಸಹಿ ಮಾಡಲು ಬರುವವರು ಬಾಡಿಗೆ ಕರಾರಿಗೆ ಸಹಿಯನ್ನೇ ಮಾಡಿ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಬಹುದು, ಬೇಕಾದಾಗ ತೆಗೆಯಬಹುದು. ಇವತ್ತು ರಾತ್ರಿಯೇ ಮಕ್ಕಳ ಕೈಯಲ್ಲಿ ಹಾಕಿಸಿಕೊಳ್ಳಿ. ಒಟಿಪಿಯನ್ನಂತೂ ಯಾವ ಮ್ಯಾನೇಜರಿಗೂ ಯಾವ ಕಾರಣಕ್ಕೂ ಕೊಡಬೇಡಿ. ಮುಂಗಡ ಕಳಿಸುತ್ತೇನೆ, ಹಣ ಬರಬೇಕಾದರೆ ಪಿನ್ ಒತ್ತಿ ಎಂದು ಯಾರಾದರೂ ಮನೆ ಮಾಲೀಕರಿಗೆ ಹೇಳಿದರೆ ಫೋನ್ ಇಟ್ಟುಬಿಡಿ. ಹಣ ಪಡೆಯಲು ಪಿನ್ ಬೇಕಾಗಿಲ್ಲ. ಮೋಸವಾದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಆ ಗಳಿಗೆಯಲ್ಲೇ ಫೋನ್ ಮಾಡಬೇಕು. ಬೆಳಗಾಗಲಿ ಎಂದು ಕಾಯಬೇಡಿ.

ಕಾನೂನು ನಮ್ಮ ಕೈ ಹಿಡಿಯುತ್ತದೆಯೇ ಎಂದು ಕೇಳುತ್ತೀರಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಅವಧಿ ಇಟ್ಟಿದ್ದಾರೆ. ಅದರಲ್ಲಿ ನನಗೆ ಹಿಡಿಸಿದ ಒಂದು ಉದಾಹರಣೆ ಇದೆ. ಫೋನಿನಲ್ಲಿ ವೈದ್ಯರ ಸಲಹೆ ಕೊಡುವ ಆ್ಯಪ್ ಒಂದು, ಸಲಹೆಗೆ ಒಪ್ಪಿಗೆ ಕೇಳುವ ಜೊತೆಗೆ ನಿಮ್ಮ ಫೋನಿನಲ್ಲಿರುವ ನಂಬರುಗಳ ಪಟ್ಟಿಗೂ ಒಪ್ಪಿಗೆ ಪಡೆಯುತ್ತದೆ. ಎರಡಕ್ಕೂ ಹೂಂ ಎಂದರೂ ಆ ಪಟ್ಟಿ ಸಲಹೆಗೆ ಬೇಕಾಗಿಲ್ಲವಾದ್ದರಿಂದ, ಒಪ್ಪಿಗೆ ಸಲಹೆಯಷ್ಟಕ್ಕೇ ಸಲ್ಲುತ್ತದೆ ಎನ್ನುತ್ತದೆ ಕಾಯ್ದೆ. ಇದೇ ಅಳತೆಗೋಲನ್ನು ಪಿ.ಜಿ. ಅರ್ಜಿಗೆ ಹಿಡಿದು ನೋಡಿ. ಒಂದು ಮಾತು ನೆನಪಿರಲಿ: ಈ ಕಾಯ್ದೆ ಡಿಜಿಟಲ್ ರೂಪದಲ್ಲಿರುವ ಮಾಹಿತಿಗೆ ಅನ್ವಯ. ಫೈಲಿನಲ್ಲಿ ಸೇರಿದ, ಯಾರೂ ಸ್ಕ್ಯಾನ್ ಮಾಡದ ಜೆರಾಕ್ಸ್ ಕಾಗದ ಅದರ ಹೊರಗೇ ಉಳಿಯುತ್ತದೆ. ನನ್ನ ಮೆಣಸಿನಕಾಯಿ ಕಾಗದವನ್ನು ಅದು ಕಾಯುವುದಿಲ್ಲ. ಅದನ್ನು ಕಾಯಬೇಕಾದವರು ಕೊಡುವ ನಾವು, ಇಟ್ಟುಕೊಳ್ಳುವ ನಾವು.

ಮುಂದಿನ ಸಾಲಿನಲ್ಲಿ ಕುಳಿತ ತಾಯಿಯೊಬ್ಬರು ಕೇಳಿದರು: ‘ಕೊಡದಿದ್ದರೆ ರೂಮೇ ಇಲ್ಲ ಎನ್ನುತ್ತಾರಲ್ಲ ಅಮ್ಮಾ, ಆಗ?’ ನಿಜ. ಕಾಲೇಜು ಶುರುವಾಗುವ ತಿಂಗಳಲ್ಲಿ ಹದಡಿ ರಸ್ತೆ, ಶಾಮನೂರು ರಸ್ತೆ, ಎಂಸಿಸಿ ಬಿ ಬ್ಲಾಕ್ ಸುತ್ತಿ ಕಾಲು ನೋಯಿಸಿಕೊಂಡವರಿಗೆ ನಾನು ‘ಎದ್ದು ಬನ್ನಿ’ ಎಂದು ಹೇಳಲಾರೆ. ಮಗಳ ಹಾಸಿಗೆ, ಟ್ರಂಕು ಆಟೋದಲ್ಲಿ ಕಾಯುತ್ತಿರುತ್ತವೆ. ಆಗ ಪೂರ್ತಿ ಇಲ್ಲ ಎನ್ನಬೇಡಿ. ಕಡಿಮೆ ಮಾಡಿ ಕೊಡಿ. ಪೂರ್ತಿ ಆಧಾರ್ ಬದಲು ಮುಚ್ಚಿದ ಆಧಾರ್, ಇಲ್ಲವೇ ಕಾಲೇಜಿನ ಗುರುತಿನ ಚೀಟಿ. ಕಾಯಿಲೆಯ ಪ್ರಶ್ನೆಗೆ ಉತ್ತರ ಬರೆಯದೆ, ತುರ್ತಿನಲ್ಲಿ ಕರೆಯಬೇಕಾದ ಒಂದು ನಂಬರ್. ಠಾಣೆಗೆ ಬೇಕು ಎಂದರೆ ಯಾವ ಠಾಣೆ, ಯಾವ ನಮೂನೆ ಎಂದು ಕೇಳಿ, ಅದನ್ನೇ ತುಂಬಿ. ಯಾರಿಗೆ, ಯಾವತ್ತು, ಏನು ಕೊಟ್ಟಿರಿ ಎಂದು ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ. ಮನೆ ಬಿಡುವ ದಿನ ಮುಂಗಡ ಕೇಳುವಾಗಲೇ ಕಾಗದಗಳನ್ನೂ ಕೇಳಿ ಪಡೆಯಿರಿ. ಮುಂಗಡದಲ್ಲಿ ಸುಣ್ಣಬಣ್ಣಕ್ಕೆ ಎಷ್ಟು ಹಿಡಿದರು ಎಂದು ವಾದಿಸುವ ನಾವು ಕಾಗದವನ್ನು ಮರೆತೇ ಬರುತ್ತೇವೆ.

ಹಿಂದಿನ ಸಾಲಿನಿಂದ ಎರಡನೇ ವರ್ಷದ ಎಂಜಿನಿಯರಿಂಗ್ ಹುಡುಗನೊಬ್ಬ ಎದ್ದು ನಿಂತ. ‘ಮೇಡಂ, ನಾನು ಹೋದ ವರ್ಷ ಬಿಟ್ಟ ಪಿ.ಜಿ.ಯಲ್ಲಿ ನನ್ನ ನಕಲು ಇದೆ. ಈಗ ಹೋಗಿ ಕೇಳಬಹುದೇ?’ ‘ಹೋಗಿ ಕೇಳಪ್ಪ, ನಾಳೆಯೇ ಹೋಗು’ ಎಂದೆ.

*

ಇದು ಆಮೇಲಿನ ಸಂಗತಿ. ಆ ಹುಡುಗ ನಿಜವಾಗಿಯೂ ಹೋಗಿದ್ದ. ಮೂರನೇ ದಿನ ಸಂಜೆ ನಮ್ಮ ಮನೆಗೆ ಬಂದು ಗೇಟಿನ ಬಳಿ ನಿಂತಿದ್ದ. ಕೈಯಲ್ಲಿ ರಟ್ಟಿನ ಫೈಲು. ಮ್ಯಾನೇಜರ್ ಬಹಳ ಮರ್ಯಾದೆಯಿಂದ ಮಾತನಾಡಿಸಿ, ಕಪಾಟು ತೆಗೆದು, ‘ನಿನ್ನದು ಇದರಲ್ಲೇ ಎಲ್ಲೋ ಇದೆ, ಹುಡುಕಿಕೋ’ ಎಂದು ಆ ವರ್ಷದ ಫೈಲನ್ನೇ ಅವನ ಕೈಗೆ ಕೊಟ್ಟು ಕಳಿಸಿದ್ದರು. ಯಾವ ಗುರುತನ್ನೂ ಕೇಳಿರಲಿಲ್ಲ. ಅದರಲ್ಲಿ ಹದಿನೇಳು ಹುಡುಗರ ಆಧಾರ್, ಆರು ಪ್ಯಾನ್, ಇಬ್ಬರ ತಂದೆಯರ ಪಾಸ್‌ಬುಕ್ ನಕಲುಗಳಿದ್ದವು.

ಜಗಲಿಯ ಮೇಲೆ ಕುಳಿತು ಇಬ್ಬರೂ ಅರ್ಜಿಯ ಮೇಲಿದ್ದ ನಂಬರುಗಳಿಗೆ ಒಂದೊಂದಾಗಿ ಫೋನ್ ಮಾಡಿದೆವು. ಮಾತನ್ನು ಅವನೇ ಶುರು ಮಾಡುತ್ತಿದ್ದ: ‘ಅಂಕಲ್, ಗಾಬರಿಯಾಗಬೇಡಿ, ನಿಮ್ಮ ಮಗ ಚೆನ್ನಾಗಿದ್ದಾನೆ.’ ಹನ್ನೊಂದು ಮನೆಯವರು ಸಿಕ್ಕರು. ಒಂಬತ್ತು ಮಂದಿ ಹರಿದು ಹಾಕಿ ಎಂದರು, ಇಬ್ಬರು ಬಂದು ತೆಗೆದುಕೊಂಡು ಹೋಗುತ್ತೇವೆ ಎಂದರು. ಉಳಿದವರ ಕಾಗದ ನಮ್ಮ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಭಾನುವಾರ ಅವನು ಮತ್ತೆ ಬರುತ್ತಾನೆ.